ನಗರ ಸಹಿಸಿತು, ಆಳುವವರು ಉತ್ತರಿಸಿದರೇ?



2025ರ ಜುಲೈ ತಿಂಗಳಲ್ಲಿ, ಹತ್ತು ದಿನಗಳ ಅಂತರದಲ್ಲಿ, ಮುಂಬಯಿಯ ಎರಡು ನ್ಯಾಯಾಲಯಗಳು ಎರಡು ತೀರ್ಪುಗಳನ್ನು ನೀಡಿದವು. ಜುಲೈ 21ರಂದು ಬಾಂಬೆ ಹೈಕೋರ್ಟು 2006ರ ಉಪನಗರ ರೈಲು ಸ್ಫೋಟ ಪ್ರಕರಣದ ಹನ್ನೆರಡೂ ಅಪರಾಧಿಗಳ ಶಿಕ್ಷೆಯನ್ನು ರದ್ದುಗೊಳಿಸಿ ಅವರನ್ನು ದೋಷಮುಕ್ತರೆಂದು ಸಾರಿತು. ಜುಲೈ 31ರಂದು ವಿಶೇಷ ನ್ಯಾಯಾಲಯವು 2008ರ ಮಾಲೆಗಾಂವ್ ಸ್ಫೋಟ ಪ್ರಕರಣದ ಏಳೂ ಆರೋಪಿಗಳನ್ನು ಬಿಡುಗಡೆ ಮಾಡಿತು. ಮೊದಲನೆಯದರಲ್ಲಿ ಸತ್ತವರು 189 ಮಂದಿ. ಎರಡನೆಯದರಲ್ಲಿ ಆರು ಮಂದಿ. ಒಂದರಲ್ಲಿ ಆರೋಪಿಗಳು ಮುಸ್ಲಿಮರು, ಇನ್ನೊಂದರಲ್ಲಿ ಹಿಂದೂಗಳು. ಆಯಾ ಪಕ್ಷದವರು ತಮಗೆ ಹಿತವೆನಿಸಿದ ತೀರ್ಪನ್ನು ಹೊಗಳಿ, ಹಿತವೆನಿಸದ ತೀರ್ಪನ್ನು ಹಳಿದರು. ಈ ಗದ್ದಲದಲ್ಲಿ ಒಂದು ಸರಳ ಪ್ರಶ್ನೆ ಕೇಳಿಸದೆ ಹೋಯಿತು: ಹಾಗಾದರೆ ಕೊಂದವರು ಯಾರು? ಹತ್ತೊಂಬತ್ತು ವರ್ಷಗಳ ನಂತರವೂ, ಹದಿನೇಳು ವರ್ಷಗಳ ನಂತರವೂ ಮೃತರ ಮನೆಯವರಿಗೆ ಇದಕ್ಕೆ ಉತ್ತರವಿಲ್ಲ.

ರೈಲು ಸ್ಫೋಟದ ತೀರ್ಪಿನ ವಿರುದ್ಧ ಮಹಾರಾಷ್ಟ್ರ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಬಿಡುಗಡೆಯಾದವರು ಮತ್ತೆ ಸೆರೆಮನೆಗೆ ಹೋಗಬೇಕಿಲ್ಲ, ಆದರೆ ಹೈಕೋರ್ಟಿನ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಕೂಡದು ಎಂದು ಆ ನ್ಯಾಯಾಲಯ ಜುಲೈ 24ರಂದು ಹೇಳಿತು. ನ್ಯಾಯಾಲಯಗಳ ವಿವೇಚನೆಯನ್ನು ಅಳೆಯುವುದು ಈ ಲೇಖನದ ಉದ್ದೇಶವಲ್ಲ. ಭಯೋತ್ಪಾದಕರ ದಾಳಿಗೆ ಸಿಕ್ಕ ನಗರವೊಂದರ ಜನರಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ, ಅವರನ್ನು ಆಳುವವರಿಂದ ಏನನ್ನು ನಿರೀಕ್ಷಿಸುತ್ತೇವೆ ಎಂಬುದನ್ನು ಬಸವಾದಿ ಶರಣರ ಮಾರ್ಗದಲ್ಲಿ ನಡೆಯುವವರು ಒಮ್ಮೆ ಕುಳಿತು ಯೋಚಿಸಬೇಕಾಗಿದೆ. ಜನರ ಪಾಲಿನ ಕರ್ತವ್ಯವನ್ನು ಜನರು ಪ್ರತಿ ಬಾರಿಯೂ ಮಾಡಿದ್ದಾರೆ. ಆಳುವವರ ಪಾಲಿನದು ಬಾಕಿ ಉಳಿದಿದೆ.

ಜನರು ಮಾಡಿದ್ದು

2006ರ ಜುಲೈ 11ರ ಸಂಜೆ, ಕಚೇರಿ ಬಿಡುವ ಹೊತ್ತಿನಲ್ಲಿ, ಮುಂಬಯಿಯ ಪಶ್ಚಿಮ ರೈಲುಮಾರ್ಗದ ಏಳು ಲೋಕಲ್ ರೈಲುಗಳಲ್ಲಿ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. 189 ಮಂದಿ ಮಡಿದರು. 800ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮಳೆಗಾಲದ ಆ ಸಂಜೆ ಆಂಬುಲೆನ್ಸುಗಳು ಬರುವ ಮೊದಲೇ ಹಳಿಗಳ ಪಕ್ಕದ ಜೋಪಡಿಗಳಿಂದ ಜನರು ಓಡಿಬಂದರು. ಮನೆಯಲ್ಲಿದ್ದ ಹೊದಿಕೆ, ಚಾದರಗಳನ್ನೇ ಡೋಲಿ ಮಾಡಿಕೊಂಡು ಗಾಯಾಳುಗಳನ್ನು ಹೊತ್ತು ಸಾಗಿಸಿದರು. ಬಿದ್ದವನ ಜಾತಿ ಯಾವುದು, ಭಾಷೆ ಯಾವುದು ಎಂದು ಯಾರೂ ಕೇಳಲಿಲ್ಲ. ಆಸ್ಪತ್ರೆಗಳ ಮುಂದೆ ರಕ್ತ ಕೊಡುವವರ ಸಾಲು ನಿಂತಿತು. ಮರುದಿನ ಬೆಳಿಗ್ಗೆ ಅದೇ ಮಾರ್ಗದ ರೈಲುಗಳು ಅಷ್ಟೇ ಜನರನ್ನು ತುಂಬಿಕೊಂಡು ಓಡಿದವು.

ಶರಣರ ಮಾತಿನಲ್ಲಿ ಹೇಳುವುದಾದರೆ ಅಂದು ಸಂಜೆ ನಡೆದದ್ದು ದಾಸೋಹ. ಮರುದಿನ ಬೆಳಿಗ್ಗೆ ನಡೆದದ್ದು ಕಾಯಕ. ಎರಡನ್ನೂ ಯಾರೂ ಅವರಿಗೆ ಹೇಳಿಕೊಡಲಿಲ್ಲ. ಆದರೆ ಮರುದಿನದ ಆ ಪ್ರಯಾಣದ ಹಿಂದೆ ಸ್ಥೈರ್ಯ ಮಾತ್ರವಲ್ಲ, ಹೊಟ್ಟೆಯ ಪಾಡೂ ಇತ್ತೆಂಬುದನ್ನು ಮರೆಯಬಾರದು. ದಿನಗೂಲಿಯವನಿಗೆ, ಹೋಟೆಲಿನ ಮಾಣಿಗೆ, ಮನೆಗೆಲಸದ ಹೆಣ್ಣುಮಗಳಿಗೆ ರೈಲು ಹತ್ತದೆ ಬೇರೆ ದಾರಿಯಿರಲಿಲ್ಲ. ವಿಜಯಪುರ, ಕಲಬುರಗಿ, ಬೀದರ ಕಡೆಯಿಂದ ದುಡಿಯಲು ಹೋದ ನಮ್ಮವರೂ ಆ ನಗರದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿದ್ದಾರೆ. ಅವರ ಊರಿನ ಮನೆಗಳಲ್ಲಿ ಆ ರಾತ್ರಿ ಎಷ್ಟು ಮಂದಿ ದೂರವಾಣಿಯ ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತಿದ್ದರೆಂಬುದನ್ನು ಈ ಭಾಗದ ಭಕ್ತರಿಗೆ ಹೇಳಬೇಕಾಗಿಲ್ಲ.

ಇಂಥ ಸ್ಥೈರ್ಯವನ್ನು ಆಳುವವರು ಬಾಯಿತುಂಬ ಹೊಗಳಿದರು. ಮುಂಬಯಿಯ ಚೈತನ್ಯ ಎಂಬ ಮಾತು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ನೆಲೆಗೊಂಡಿತು. 1993ರ ನಂತರ ಹೊಗಳಿದರು, 2006ರ ನಂತರ ಹೊಗಳಿದರು, 2008ರ ನಂತರವೂ ಹೊಗಳಿದರು. 2011ರ ಜುಲೈ 13ರಂದು ಝವೇರಿ ಬಜಾರ್, ಒಪೆರಾ ಹೌಸ್, ದಾದರ್‌ಗಳಲ್ಲಿ ಮತ್ತೆ ಬಾಂಬುಗಳು ಸಿಡಿದು ಇಪ್ಪತ್ತಕ್ಕೂ ಹೆಚ್ಚು ಜನರು ಸತ್ತಾಗ, ಈ ಹೊಗಳಿಕೆಯೇ ಬೇಡವೆಂದು ಆ ನಗರದ ಜನರೇ ಹೇಳತೊಡಗಿದ್ದರು. ಅವರ ಬೇಸರಕ್ಕೆ ಕಾರಣವಿತ್ತು. ಪೆಟ್ಟು ತಿಂದವನು ಎದ್ದು ನಿಂತದ್ದನ್ನು ಮೆಚ್ಚುವುದು ನೆರೆಯವನಿಗೆ ಸಲ್ಲುತ್ತದೆ. ಪೆಟ್ಟು ಬೀಳದಂತೆ ಕಾಯಲು ನೇಮಕಗೊಂಡವನು ಅದನ್ನೇ ಮೆಚ್ಚುತ್ತ ನಿಂತರೆ ಅದು ನುಣುಚಿಕೊಳ್ಳುವಿಕೆ.

ಕಾವಲುಗಾರನೇ ಬಾಗಿಲು ತೆರೆದಾಗ

1993ರ ಮಾರ್ಚ್ 12ರ ಸರಣಿ ಸ್ಫೋಟದಲ್ಲಿ 257 ಮಂದಿ ಸತ್ತರು. ಆ ಸ್ಫೋಟಕಗಳು ಆಕಾಶದಿಂದ ಉದುರಲಿಲ್ಲ. ರಾಯಗಡ ಜಿಲ್ಲೆಯ ಕಡಲತೀರದಲ್ಲಿ ದೋಣಿಗಳಿಂದ ಇಳಿದು, ರಸ್ತೆಯ ಮೂಲಕ ನಗರಕ್ಕೆ ಬಂದವು. ಅವು ಹಾದುಬರಲು ನೆರವಾದ ಅಪರಾಧಕ್ಕೆ ಸುಂಕ ಇಲಾಖೆಯ ಅಧಿಕಾರಿಗಳೂ ಪೊಲೀಸರೂ ಶಿಕ್ಷೆಗೊಳಗಾದರು. ವರ್ಷಗಟ್ಟಲೆ ಚಿನ್ನ ಬೆಳ್ಳಿಯ ಕಳ್ಳಸಾಗಣೆಗೆ ಕಣ್ಣುಮುಚ್ಚುತ್ತಿದ್ದ ಕೈಗಳೇ ಅಂದು ಸ್ಫೋಟಕಗಳಿಗೂ ದಾರಿ ಬಿಟ್ಟವು. ಲಂಚವನ್ನು ಸಣ್ಣ ಪಾಪವೆಂದು ಎಣಿಸುವವರು ಈ ಒಂದು ಪ್ರಕರಣವನ್ನು ಓದಬೇಕು.

ಆ ಸ್ಫೋಟಗಳಿಗೆ ಮೊದಲು, 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ, ಅದೇ ನಗರದಲ್ಲಿ ಭೀಕರ ಗಲಭೆಗಳು ನಡೆದಿದ್ದವು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆಯೋಗ 1998ರಲ್ಲಿ ವರದಿ ಕೊಟ್ಟಿತು. ಗಲಭೆಗೂ ಸ್ಫೋಟಕ್ಕೂ ಇದ್ದ ನಂಟನ್ನು ಗುರುತಿಸಿತು. ತಪ್ಪೆಸಗಿದ ಪೊಲೀಸರ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. ಅಂದಿನ ಸರ್ಕಾರ ಅದರ ನಿಷ್ಕರ್ಷೆಗಳನ್ನು ಒಪ್ಪಲಿಲ್ಲ. ಅದನ್ನು ಜಾರಿಗೊಳಿಸುತ್ತೇವೆಂದು ಹೇಳಿ ಮುಂದೆ ಅಧಿಕಾರ ಹಿಡಿದವರೂ ಪೂರ್ತಿಯಾಗಿ ಜಾರಿಗೊಳಿಸಲಿಲ್ಲ. ಸ್ಫೋಟದ ಅಪರಾಧಿಗಳಿಗೆ ತಡವಾಗಿಯಾದರೂ ಶಿಕ್ಷೆಯಾಯಿತು. ಗಲಭೆಯ ಅಪರಾಧಿಗಳಲ್ಲಿ ಹೆಚ್ಚಿನವರು ನ್ಯಾಯಾಲಯದ ಬಾಗಿಲನ್ನೂ ನೋಡಲಿಲ್ಲ. ಕಾನೂನು ಒಬ್ಬರ ಸಾವನ್ನು ಎಣಿಸಿ ಇನ್ನೊಬ್ಬರ ಸಾವನ್ನು ಮರೆತಂತೆ ಕಂಡರೆ, ಆ ಮರೆವಿನಲ್ಲಿ ಬೆಳೆಯುವುದು ದ್ವೇಷವೇ.

ರಾಜೀನಾಮೆ ಉತ್ತರವಾಗುತ್ತದೆಯೇ?

2008ರ ನವೆಂಬರ್ 26ರ ರಾತ್ರಿ ಸಮುದ್ರಮಾರ್ಗವಾಗಿ ಬಂದ ಹತ್ತು ಮಂದಿ ಪಾಕಿಸ್ತಾನಿ ಭಯೋತ್ಪಾದಕರು ಸುಮಾರು ಅರವತ್ತು ಗಂಟೆಗಳ ಕಾಲ ಮುಂಬಯಿಯನ್ನು ಒತ್ತೆ ಇರಿಸಿಕೊಂಡರು. 166 ಮಂದಿ ಸತ್ತರು. ಮಾಧ್ಯಮಗಳು ತಾಜ್ ಮತ್ತು ಒಬೆರಾಯ್ ಹೋಟೆಲುಗಳನ್ನೇ ಹೆಚ್ಚು ತೋರಿಸಿದವು. ಆದರೆ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಗಂಟುಮೂಟೆಗಳ ನಡುವೆ ಕುಳಿತು ದೂರದೂರಿನ ರೈಲಿಗಾಗಿ ಕಾಯುತ್ತಿದ್ದ ಐವತ್ತಕ್ಕೂ ಹೆಚ್ಚು ಬಡವರು ಅಲ್ಲಿಯೇ ಪ್ರಾಣಬಿಟ್ಟರು. ಸೊಲ್ಲಾಪುರ, ಕಲಬುರಗಿ ಕಡೆಯ ರೈಲುಗಳು ಹೊರಡುವುದೂ ಆ ನಿಲ್ದಾಣದಿಂದಲೇ.

ಅಂದು ಕರ್ತವ್ಯವೆಂದರೆ ಏನೆಂದು ತೋರಿಸಿದವರು ಇದ್ದಾರೆ. ಲಾಠಿಯೊಂದನ್ನೇ ಹಿಡಿದಿದ್ದ ಸಹಾಯಕ ಸಬ್ ಇನ್ಸ್‌ಪೆಕ್ಟರ್ ತುಕಾರಾಮ್ ಓಂಬಳೆ, ಗುಂಡುಗಳು ತಮ್ಮ ದೇಹವನ್ನು ಹೊಕ್ಕರೂ ಕಸಬ್‌ನ ಬಂದೂಕಿನ ನಳಿಗೆಯನ್ನು ಬಿಡಲಿಲ್ಲ. ಜೀವಂತ ಸಿಕ್ಕ ಆ ಒಬ್ಬನಿಂದಲೇ ಇಡೀ ಸಂಚು ಬಯಲಾಯಿತು. ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ತಾಜ್ ಹೋಟೆಲಿನೊಳಗೆ ಹೋರಾಡುತ್ತ ವೀರಮರಣ ಹೊಂದಿದರು. ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಬೀದಿಯಲ್ಲಿ ಬಿದ್ದರು. ಕೆಳಗಿನವರು ಪ್ರಾಣ ಕೊಟ್ಟು ಲೆಕ್ಕ ಒಪ್ಪಿಸಿದರು.

ಮೇಲಿನವರ ಲೆಕ್ಕವೇನು? ಕೇಂದ್ರ ಗೃಹಸಚಿವರಾಗಿದ್ದ ಶಿವರಾಜ ಪಾಟೀಲರು ನವೆಂಬರ್ 30ರಂದು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ದೊಡ್ಡ ನಗರದಲ್ಲಿ ಇಂಥ ಸಣ್ಣಪುಟ್ಟ ಘಟನೆಗಳು ಆಗುತ್ತವೆಂಬ ಅರ್ಥದ ಮಾತಾಡಿ ಜನರ ಕೋಪಕ್ಕೆ ಗುರಿಯಾದ ರಾಜ್ಯ ಗೃಹಸಚಿವ ಆರ್.ಆರ್. ಪಾಟೀಲರೂ, ಚಲನಚಿತ್ರ ನಿರ್ದೇಶಕರೊಬ್ಬರನ್ನು ಜೊತೆಗಿಟ್ಟುಕೊಂಡು ತಾಜ್ ಹೋಟೆಲಿನ ಅವಶೇಷ ನೋಡಿದ ಮುಖ್ಯಮಂತ್ರಿ ವಿಲಾಸರಾವ್ ದೇಶಮುಖರೂ ಸ್ಥಾನ ಬಿಟ್ಟರು. ಮುಂದಿನದನ್ನು ಗಮನಿಸಬೇಕು. ದೇಶಮುಖರು ಆರು ತಿಂಗಳೊಳಗೆ ಕೇಂದ್ರ ಸಚಿವರಾದರು. ಆರ್.ಆರ್. ಪಾಟೀಲರು ಒಂದು ವರ್ಷದೊಳಗೆ ಮತ್ತೆ ಅದೇ ಗೃಹ ಖಾತೆಗೆ ಬಂದರು. ಶಿವರಾಜ ಪಾಟೀಲರು 2010ರಲ್ಲಿ ಪಂಜಾಬಿನ ರಾಜ್ಯಪಾಲರಾದರು.

ಶಿವರಾಜ ಪಾಟೀಲರು ಲಾತೂರಿನ ಲಿಂಗಾಯತ ಕುಟುಂಬದಲ್ಲಿ ಜನಿಸಿದವರು, ಲೋಕಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತವರು, ಸಜ್ಜನಿಕೆಗೆ ಹೆಸರಾದವರು. ಅಂದು ನಮ್ಮಲ್ಲಿ ಹಲವರಿಗೆ ನಮ್ಮವರೊಬ್ಬರನ್ನು ಬಲಿ ಕೊಟ್ಟರೆಂಬ ನೋವಾಯಿತು. ಆ ನೋವು ಸಹಜವಾದರೂ ಅಳತೆಗೋಲು ತಪ್ಪಾಗಿತ್ತು. ಗೃಹಸಚಿವರ ಮುಂದಿದ್ದ ಪ್ರಶ್ನೆ ಅವರ ಸಜ್ಜನಿಕೆಯನ್ನು ಕುರಿತದ್ದಲ್ಲ. ಸಮುದ್ರದ ಕಡೆಯಿಂದ ದಾಳಿಯಾಗಬಹುದೆಂಬ ಸೂಚನೆಗಳು ಮೊದಲೇ ಬಂದಿದ್ದರೂ ಕರಾವಳಿ ಏಕೆ ತೆರೆದಿತ್ತು? ರಾಷ್ಟ್ರೀಯ ಭದ್ರತಾ ಪಡೆಯ ಕಮಾಂಡೊಗಳು ದೆಹಲಿಯ ಬಳಿಯಿಂದ ಹೊರಟು ಮುಂಬಯಿ ಸೇರಲು ಬೆಳಗಾಗುವವರೆಗೆ ಏಕೆ ಹಿಡಿಯಿತು? ದೇಶದ ವಾಣಿಜ್ಯ ರಾಜಧಾನಿಯಲ್ಲಿ ಅಂಥ ಪಡೆಯ ತುಕಡಿಯೊಂದೂ ಏಕಿರಲಿಲ್ಲ? ರಾಜೀನಾಮೆ ಕೊಟ್ಟವರು ಈ ಪ್ರಶ್ನೆಗಳ ಮುಂದಿನಿಂದ ಎದ್ದುಹೋದರು. ಅವರ ಜಾಗಕ್ಕೆ ಬಂದವರು ಅದು ತಮ್ಮ ಕಾಲದ್ದಲ್ಲವೆಂದರು. ಕುರ್ಚಿ ಖಾಲಿಯಾಯಿತು, ಪ್ರಶ್ನೆ ಅಲ್ಲಿಯೇ ಉಳಿಯಿತು.

ಮಹಾರಾಷ್ಟ್ರ ಸರ್ಕಾರ ನಿವೃತ್ತ ಅಧಿಕಾರಿ ರಾಮ್ ಪ್ರಧಾನ್ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿದ್ದು ನಿಜ. ಆದರೆ ಅದರ ವ್ಯಾಪ್ತಿ ರಾಜ್ಯದ ಆಡಳಿತ ಮತ್ತು ಪೊಲೀಸರಿಗೆ ಸೀಮಿತವಾಗಿತ್ತು. ಕೇಂದ್ರದ ಗುಪ್ತಚರ ಸಂಸ್ಥೆಗಳನ್ನು ಪ್ರಶ್ನಿಸುವ ಅಧಿಕಾರ ಅದಕ್ಕಿರಲಿಲ್ಲ. 2009ರಲ್ಲಿ ಸಲ್ಲಿಸಿದ ಆ ವರದಿಯನ್ನು ಭದ್ರತೆಯ ಕಾರಣ ನೀಡಿ ಮೊದಲು ಮುಚ್ಚಿಡಲಾಯಿತು. ಅದು ಸೋರಿಕೆಯಾದ ಮೇಲೆ ವರ್ಷಾಂತ್ಯಕ್ಕೆ ಶಾಸನಸಭೆಯ ಮುಂದೆ ಬಂತು. ನಗರದಲ್ಲಿ ಕಣ್ಗಾವಲು ಕ್ಯಾಮೆರಾಗಳ ಜಾಲ ಬೇಕೆಂಬ ಅಂದಿನ ಮಾತು ಟೆಂಡರುಗಳ ಗೊಂದಲದಲ್ಲಿ ಸಿಕ್ಕಿ, ಪೂರ್ಣಗೊಂಡು ಉದ್ಘಾಟನೆಯಾಗುವ ಹೊತ್ತಿಗೆ 2016 ಆಗಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಿದೆ; ಇಲ್ಲಿ ಬಾಗಿಲು ಹಾಕಲೂ ಎಂಟು ವರ್ಷ ಬೇಕಾಯಿತು.

ಆದ ಒಳ್ಳೆಯ ಕೆಲಸಗಳನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ. 2008ರ ಡಿಸೆಂಬರಿನಲ್ಲಿಯೇ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾಯ್ದೆ ಬಂತು. ಮುಂಬಯಿ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ರಾಷ್ಟ್ರೀಯ ಭದ್ರತಾ ಪಡೆಯ ಕೇಂದ್ರಗಳು ಸ್ಥಾಪನೆಯಾದವು. ಕರಾವಳಿ ರಕ್ಷಣೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. ಕಸಬ್‌ನಿಗೆ ಪೂರ್ಣ ವಿಚಾರಣೆಯ ನಂತರ 2012ರ ನವೆಂಬರ್ 21ರಂದು ಗಲ್ಲಾಯಿತು. ಸಂಚಿನ ಇನ್ನೊಬ್ಬ ಆರೋಪಿ ತಹವ್ವುರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಕರೆತರಲಾಯಿತು. ಜನರ ಆಕ್ರೋಶ ಆ ಬಾರಿ ಹೊಗಳಿಕೆಗೆ ಕರಗದೆ ಉಳಿದದ್ದರಿಂದ ಇವುಗಳಲ್ಲಿ ಹಲವು ಸಾಧ್ಯವಾದವು. ಪ್ರಶ್ನೆ ಕೇಳಿದರೆ ಫಲವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಅವಸರದ ಬಂಧನ, ತಡವಾದ ಸತ್ಯ

ಉತ್ತರದಾಯಿತ್ವವೆಂದರೆ ಯಾರನ್ನಾದರೂ ಬೇಗ ಹಿಡಿದು ತೋರಿಸುವುದೆಂದು ಆಳುವವರೂ ನಾವೂ ಭಾವಿಸಿದ್ದೇವೆ. ರೈಲು ಸ್ಫೋಟದ ಪ್ರಕರಣ ಈ ಭಾವನೆಯ ಬೆಲೆಯನ್ನು ತೋರಿಸಿತು. 2015ರಲ್ಲಿ ವಿಶೇಷ ನ್ಯಾಯಾಲಯ ಐವರಿಗೆ ಮರಣದಂಡನೆ, ಏಳು ಮಂದಿಗೆ ಜೀವಾವಧಿ ವಿಧಿಸಿದಾಗ ಎಲ್ಲರೂ ನ್ಯಾಯ ಸಿಕ್ಕಿತೆಂದರು. ಹತ್ತು ವರ್ಷಗಳ ನಂತರ ಹೈಕೋರ್ಟು ಅದೇ ಸಾಕ್ಷ್ಯವನ್ನು ಪರಿಶೀಲಿಸಿ, ಬಹಳ ದಿನಗಳ ನಂತರ ಗುರುತು ಹಿಡಿದ ಸಾಕ್ಷಿಗಳನ್ನು ನಂಬಲಾಗದು, ತಪ್ಪೊಪ್ಪಿಗೆಗಳನ್ನು ಒಪ್ಪಲಾಗದು, ವಶಪಡಿಸಿಕೊಂಡ ವಸ್ತುಗಳನ್ನು ಸರಿಯಾಗಿ ಕಾಪಾಡಿಲ್ಲ, ಆರೋಪ ಸಾಬೀತುಪಡಿಸಲು ಪ್ರಾಸಿಕ್ಯೂಷನ್ ಸಂಪೂರ್ಣ ವಿಫಲವಾಗಿದೆ ಎಂದಿತು. ಹನ್ನೆರಡು ಮಂದಿಯಲ್ಲಿ ಒಬ್ಬರು ಅಷ್ಟರಲ್ಲಿ ಸೆರೆಮನೆಯಲ್ಲಿರುವಾಗಲೇ ತೀರಿಕೊಂಡಿದ್ದರು.

ಮಾಲೆಗಾಂವ್ ಪ್ರಕರಣದಲ್ಲಿಯೂ ನ್ಯಾಯಾಲಯ ಹೇಳಿದ್ದು, ಸಂಶಯ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಸ್ಥಾನ ಪಡೆಯದು ಎಂಬುದನ್ನೇ. ಮಗ್ಗದವರ ಆ ಊರಿನಲ್ಲಿ ರಂಜಾನ್ ತಿಂಗಳ ರಾತ್ರಿಯೊಂದರಲ್ಲಿ ಸತ್ತ ಆರು ಮಂದಿಯ ಮನೆಯವರೂ, ಲೋಕಲ್ ರೈಲಿನಲ್ಲಿ ಸತ್ತ 189 ಮಂದಿಯ ಮನೆಯವರೂ ಇಂದು ಒಂದೇ ಪಂಕ್ತಿಯಲ್ಲಿ ಬರಿಗೈಯಲ್ಲಿ ಕುಳಿತಿದ್ದಾರೆ. ಆರೋಪಿಯ ಧರ್ಮವನ್ನು ನೋಡಿ ಒಂದು ತೀರ್ಪಿಗೆ ಸಂತೋಷ, ಇನ್ನೊಂದಕ್ಕೆ ದುಃಖ ಪಡುವವರು ಈ ಪಂಕ್ತಿಯನ್ನು ನೋಡಲಿ. ತನಿಖೆ ಕೆಟ್ಟರೆ ಎರಡು ಅನ್ಯಾಯಗಳು ಒಟ್ಟಿಗೆ ಆಗುತ್ತವೆ: ನಿರಪರಾಧಿಯಾಗಿದ್ದವನ ಬದುಕು ಹಾಳಾಗುತ್ತದೆ, ಕೊಂದವನು ನಿಶ್ಚಿಂತನಾಗಿ ಊಟ ಮಾಡುತ್ತಾನೆ.

ಇದಕ್ಕೆ ಮದ್ದು ಏನೆಂಬುದು ಗುಟ್ಟಲ್ಲ. ರೈಲು ಸ್ಫೋಟ ನಡೆದ ಎರಡೇ ತಿಂಗಳಿಗೆ, 2006ರ ಸೆಪ್ಟೆಂಬರ್ 22ರಂದು, ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೊಲೀಸ್ ಸುಧಾರಣೆಗೆ ಏಳು ನಿರ್ದೇಶನಗಳನ್ನು ಕೊಟ್ಟಿತು. ಅಧಿಕಾರಿಗಳಿಗೆ ನಿಗದಿತ ಅವಧಿ ಇರಲಿ, ಅಪರಾಧ ತನಿಖೆಯನ್ನು ಬಂದೋಬಸ್ತಿನ ಕೆಲಸದಿಂದ ಬೇರ್ಪಡಿಸಿ, ಪೊಲೀಸರ ವಿರುದ್ಧದ ದೂರು ಕೇಳಲು ಪ್ರಾಧಿಕಾರ ರಚಿಸಿ ಎಂದಿತು. ಎರಡು ದಶಕ ಸಮೀಪಿಸಿದರೂ ಯಾವ ಪಕ್ಷದ ಸರ್ಕಾರವೂ ಇದನ್ನು ಮನಸಾರೆ ಪಾಲಿಸಿಲ್ಲ. ವರ್ಗಾವಣೆಯ ಅಧಿಕಾರವನ್ನು ಕೈಬಿಡಲು ಯಾರಿಗೂ ಇಷ್ಟವಿಲ್ಲ.

ನೆರೆಯ ದ್ವೀಪದ ಪಾಠ

ಆಳುವವರು ತಮ್ಮ ಮೇಲೆ ಬರುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರದೆ ಉತ್ತರಿಸಬೇಕಾಗಿ ಬಂದ ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಶ್ರೀಲಂಕಾದ ಮೂರು ಚರ್ಚುಗಳಲ್ಲಿ ಮತ್ತು ಕೊಲಂಬೊದ ಮೂರು ದೊಡ್ಡ ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಜನರು ಸತ್ತರು. ಲೋಕಸಭಾ ಚುನಾವಣೆಯ ದುಡಿಮೆ ಮುಗಿಸಿ ವಿಶ್ರಾಂತಿಗೆಂದು ಅಲ್ಲಿಗೆ ಹೋಗಿದ್ದ ಬೆಂಗಳೂರು, ನೆಲಮಂಗಲ, ತುಮಕೂರು ಕಡೆಯ ನಮ್ಮ ರಾಜ್ಯದವರೂ ಅವರಲ್ಲಿದ್ದರು.

ದಾಳಿಯ ಸೂಚನೆಯನ್ನು ಭಾರತ ಏಪ್ರಿಲ್ 4ರಂದೇ ಶ್ರೀಲಂಕಾಕ್ಕೆ ತಿಳಿಸಿತ್ತು. ಅಲ್ಲಿನ ಅಧ್ಯಕ್ಷರಿಗೂ ಪ್ರಧಾನಿಗೂ ಹೊಂದಾಣಿಕೆಯಿಲ್ಲದೆ, ಭದ್ರತಾ ಸಭೆಗೆ ಪ್ರಧಾನಿಯನ್ನೇ ಕರೆಯದೆ, ಅಧಿಕಾರಿಗಳ ನಡುವೆ ಆ ಸೂಚನೆ ಅಲೆದಾಡಿ ವ್ಯರ್ಥವಾಯಿತು. ಸಂತ್ರಸ್ತರು, ಪಾದ್ರಿಗಳು, ವಕೀಲರ ಸಂಘ ಸೇರಿದಂತೆ ಹಲವರು ಒಟ್ಟು ಹನ್ನೆರಡು ಮೂಲಭೂತ ಹಕ್ಕಿನ ಅರ್ಜಿಗಳನ್ನು ಸಲ್ಲಿಸಿದರು. 2023ರ ಜನವರಿ 12ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮಾಜಿ ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ತಮ್ಮ ಸ್ವಂತ ಹಣದಿಂದ 10 ಕೋಟಿ ಶ್ರೀಲಂಕಾ ರೂಪಾಯಿಯನ್ನು ಸಂತ್ರಸ್ತರಿಗೆ ಕೊಡಬೇಕು; ಪೊಲೀಸ್ ಮುಖ್ಯಸ್ಥರು, ಗುಪ್ತಚರ ಮುಖ್ಯಸ್ಥರು, ರಕ್ಷಣಾ ಕಾರ್ಯದರ್ಶಿ ಇವರೂ ತಮ್ಮ ತಮ್ಮ ಜೇಬಿನಿಂದ ಕೋಟಿಗಟ್ಟಲೆ ಕೊಡಬೇಕು ಎಂದಿತು. ಸಿರಿಸೇನ ಕಂತುಕಂತಾಗಿ ಆ ಹಣವನ್ನು ಕಟ್ಟಿದರು. ನಮ್ಮಲ್ಲಿ ಪರಿಹಾರ ಬೊಕ್ಕಸದಿಂದ ಹೋಗುತ್ತದೆ, ಅಂದರೆ ಸತ್ತವನ ಬಂಧುವಿನ ತೆರಿಗೆಯಿಂದಲೇ ಹೋಗುತ್ತದೆ. ಅಲ್ಲಿ ಹೊಣೆಗೇಡಿತನಕ್ಕೆ ಹೊಣೆಗೇಡಿಯೇ ಬೆಲೆ ತೆತ್ತನು.

ಮಠದವರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಕೊಲಂಬೊದ ಧರ್ಮಗುರು ಕಾರ್ಡಿನಲ್ ಮಾಲ್ಕಮ್ ರಂಜಿತ್ ಮೊದಲು ಮಾಡಿದ್ದು ತಮ್ಮ ಭಕ್ತರನ್ನು ಪ್ರತೀಕಾರದಿಂದ ತಡೆಯುವ ಕೆಲಸ. ಮುಸ್ಲಿಂ ನೆರೆಯವರ ಮೇಲೆ ಕೈಯೆತ್ತಬೇಡಿರೆಂದು ಅವರು ಪದೇ ಪದೇ ಬೇಡಿಕೊಂಡರು. ಎರಡನೆಯದಾಗಿ, ಆ ಶಾಂತಿಯನ್ನು ಸರ್ಕಾರ ಮೌನವೆಂದು ತಿಳಿಯದಂತೆ ನೋಡಿಕೊಂಡರು. 2021ರ ಮಾರ್ಚ್ 7ರಂದು ಭಕ್ತರು ಕಪ್ಪು ಬಟ್ಟೆ ಧರಿಸಿ ಪ್ರಾರ್ಥನೆಗೆ ಬಂದು ಸತ್ಯವನ್ನು ಕೇಳಿದರು. ಸರ್ಕಾರಗಳು ಬದಲಾದರೂ ಕಾರ್ಡಿನಲ್ಲರ ಪ್ರಶ್ನೆ ಬದಲಾಗಲಿಲ್ಲ. ಬೀದಿಯಲ್ಲಿ ಶಾಂತಿ, ಸಿಂಹಾಸನದ ಮುಂದೆ ಪಟ್ಟು ಎಂಬ ಎರಡನ್ನೂ ಒಬ್ಬರೇ ಧರ್ಮಗುರು ಕಾಯ್ದರು.

ಬ್ರಿಟನ್ನಿನ ಮ್ಯಾಂಚೆಸ್ಟರಿನಲ್ಲಿ 2017ರ ಮೇ 22ರಂದು ಸಂಗೀತ ಸಭೆಯೊಂದರ ಕೊನೆಯಲ್ಲಿ 22 ಮಂದಿ ಬಾಂಬಿಗೆ ಬಲಿಯಾದಾಗ ಮಗನನ್ನು ಕಳೆದುಕೊಂಡ ತಾಯಿ ಫಿಗೆನ್ ಮರ್ರಿ, ಜನ ಸೇರುವ ಸ್ಥಳಗಳ ರಕ್ಷಣೆಗೆ ಕಾನೂನು ಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಮ್ಯಾಂಚೆಸ್ಟರಿನಿಂದ ಲಂಡನ್ನಿನವರೆಗೆ ನಡೆದರು. 2025ರ ಏಪ್ರಿಲ್‌ನಲ್ಲಿ ಆ ಕಾನೂನು ಬಂತು. ಸಾರ್ವಜನಿಕ ವಿಚಾರಣೆಯ ವರದಿ ಗುಪ್ತಚರ ಸಂಸ್ಥೆಯ ಲೋಪವನ್ನು ಹೆಸರಿಟ್ಟು ಹೇಳಿತು; ಆ ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಇದರಿಂದ ದೇಶದ ಭದ್ರತೆಗೆ ಕುಂದು ಬರಲಿಲ್ಲ. ನಮ್ಮ ಗುಪ್ತಚರ ಸಂಸ್ಥೆಗಳ ಕೆಲಸವನ್ನು ಪರಿಶೀಲಿಸಲು ಸಂಸತ್ತಿನ ಸಮಿತಿಯೊಂದು ಇಂದಿಗೂ ಇಲ್ಲ.

ನಮ್ಮ ರಾಜಧಾನಿ

ಈ ಮಾತುಗಳು ದೂರದೂರಿನವೆಂದು ಯಾರೂ ತಿಳಿಯಬಾರದು. 2008ರ ಜುಲೈ 25ರ ಸರಣಿ ಸ್ಫೋಟ, 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ, 2013ರಲ್ಲಿ ಮಲ್ಲೇಶ್ವರ, 2014ರಲ್ಲಿ ಚರ್ಚ್ ಸ್ಟ್ರೀಟ್: ಬೆಂಗಳೂರಿನ ಪಟ್ಟಿಯೂ ಚಿಕ್ಕದಲ್ಲ. 2008ರ ಪ್ರಕರಣದ ವಿಚಾರಣೆ ಒಂದೂವರೆ ದಶಕ ಕಳೆದರೂ ನಡೆಯುತ್ತಲೇ ಇತ್ತು.

2024ರ ಮಾರ್ಚ್ 1ರ ಮಧ್ಯಾಹ್ನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬು ಸಿಡಿದು ಹಲವರು ಗಾಯಗೊಂಡರು. ದೈವಕೃಪೆಯಿಂದ ಪ್ರಾಣಹಾನಿಯಾಗಲಿಲ್ಲ. ಮಹಾಶಿವರಾತ್ರಿಯ ಮರುದಿನ, ಮಾರ್ಚ್ 9ರಂದು, ಆ ಹೋಟೆಲು ಮತ್ತೆ ಬಾಗಿಲು ತೆರೆಯಿತು; ಜನರು ಸಾಲುಗಟ್ಟಿ ಬಂದರು. ರಾಷ್ಟ್ರೀಯ ತನಿಖಾ ಸಂಸ್ಥೆ ಏಪ್ರಿಲ್ 12ರಂದು ಪ್ರಮುಖ ಆರೋಪಿಗಳಿಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಬಂಧಿಸಿತು. ಜನರ ಸ್ಥೈರ್ಯಕ್ಕೂ ತನಿಖೆಯ ಚುರುಕಿಗೂ ಮೆಚ್ಚುಗೆ ಸಲ್ಲಲಿ. ಆದರೆ ಆ ಇಬ್ಬರೂ 2020ರಿಂದಲೇ ತಲೆಮರೆಸಿಕೊಂಡವರೆಂದು ತನಿಖಾ ಸಂಸ್ಥೆಯೇ ಹೇಳಿದೆ. ನಾಲ್ಕು ವರ್ಷ ಬೇಕಾಗಿದ್ದವರು ಮತ್ತೆ ಇದೇ ನಗರಕ್ಕೆ ಬಾಂಬು ತರಲು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಗೆ ವಿಧಾನಸೌಧದಲ್ಲಿಯೂ ದೆಹಲಿಯಲ್ಲಿಯೂ ಸಿಕ್ಕ ಉತ್ತರವೆಂದರೆ ಪಕ್ಷಗಳು ಒಬ್ಬರ ಮೇಲೊಬ್ಬರು ಎರಚಿಕೊಂಡ ಆರೋಪ ಮಾತ್ರ. ಆ ಬಾರಿ ಸಾವುಗಳಾಗಲಿಲ್ಲವೆಂಬ ಕಾರಣಕ್ಕೆ ನಾವೂ ಕೇಳುವುದನ್ನು ಬಿಟ್ಟೆವು. ಅದೃಷ್ಟವನ್ನು ಆಡಳಿತವೆಂದು ತಿಳಿಯುವುದು ಅಪಾಯಕರ.

ಭಂಡಾರಿಯ ಲೆಕ್ಕ

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ, ರಾಜ್ಯದ ಹಣವನ್ನು ಜಂಗಮರಿಗೆ ವೆಚ್ಚ ಮಾಡುತ್ತಾರೆಂದು ಕೊಂಡಿಯರು ದೂರು ಹೇಳಿದ ಪ್ರಸಂಗ ನಮ್ಮ ಪುರಾಣಗಳಲ್ಲಿದೆ. ಬಸವಣ್ಣನವರು ತಮ್ಮ ಭಕ್ತಿಯನ್ನು ಮುಂದಿಟ್ಟು ದೂರನ್ನು ತಳ್ಳಿಹಾಕಲಿಲ್ಲ. ಪದವಿಯನ್ನು ಎಸೆದು ಹೊರಟೂ ಹೋಗಲಿಲ್ಲ. ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದರು. ದೂರು ಹೇಳಿದವರ ಮನಸ್ಸು ಶುದ್ಧವಾಗಿರಲಿಲ್ಲ, ಆದರೂ ಒಪ್ಪಿಸಿದರು. ಪ್ರಶ್ನೆ ಕೇಳಿದವನ ಉದ್ದೇಶವನ್ನು ಶಂಕಿಸಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಶರಣರ ಪದ್ಧತಿಯಲ್ಲ. ಇಂದು ಭದ್ರತೆಯ ಲೋಪವನ್ನು ಕೇಳಿದವನನ್ನು ದೇಶದ್ರೋಹಿಯೆಂದೋ ವಿರೋಧಪಕ್ಷದವನೆಂದೋ ಕರೆಯುವವರು ಈ ಪ್ರಸಂಗವನ್ನು ನೆನೆಯಲಿ. ಕರ್ನಾಟಕ ಸರ್ಕಾರ 2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಭಾವಚಿತ್ರ ಕಚೇರಿಯ ಗೋಡೆಗೆ ಬಂದಿದೆ. ಲೆಕ್ಕ ಒಪ್ಪಿಸುವ ಪದ್ಧತಿ ಕಡತಗಳಿಗೆ ಬರಬೇಕಾಗಿದೆ.

ಈ ಕೆಲಸದಲ್ಲಿ ಮಠಗಳ ಪಾಲೂ ಇದೆ. ಆಳುವವರು ನಮ್ಮ ವೇದಿಕೆಗಳಿಗೆ ಬರುತ್ತಾರೆ. ನಾವು ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಅನುದಾನಕ್ಕೆ ಮನವಿ ಕೊಡುತ್ತೇವೆ. ಕರ್ನಾಟಕದ ಗೃಹ ಖಾತೆಯನ್ನು ನಮ್ಮ ಸಮಾಜದವರೂ ನಿರ್ವಹಿಸಿದ್ದಾರೆ, ಮುಂದೆಯೂ ನಿರ್ವಹಿಸುವರು. ಅನುದಾನದ ಮನವಿಯ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೊಡುವ ಧೈರ್ಯ ನಮಗಿದೆಯೇ? ಹಿಂದಿನ ದಾಳಿಯ ವಿಚಾರಣಾ ವರದಿ ಸದನದ ಮುಂದೆ ಬಂದಿದೆಯೇ? ಅದರ ಎಷ್ಟು ಶಿಫಾರಸುಗಳು ಯಾವ ದಿನಾಂಕಕ್ಕೆ ಜಾರಿಯಾದವು? ಪ್ರಕರಣದ ವಿಚಾರಣೆ ಯಾವ ಹಂತದಲ್ಲಿದೆ? ಗಾಯಗೊಂಡವರ ಚಿಕಿತ್ಸೆಯ ವೆಚ್ಚ ಪೂರ್ತಿ ಸಂದಿದೆಯೇ? ಇವುಗಳಲ್ಲಿ ಯಾವುದೂ ರಾಜ್ಯದ ರಹಸ್ಯವಲ್ಲ. ಕೇಳುವವರು ನಮ್ಮವರೇ ಆಗಿ, ಉತ್ತರಿಸಬೇಕಾದವರೂ ನಮ್ಮವರೇ ಆದಾಗ ಈ ಪ್ರಶ್ನೆಗಳಿಗೆ ಹೆಚ್ಚಿನ ತೂಕ ಬರುತ್ತದೆ. ಬೇರೆಯವರನ್ನು ಮಾತ್ರ ಪ್ರಶ್ನಿಸುವುದು ಪಕ್ಷಪಾತ. ನಮ್ಮವರನ್ನೂ ಪ್ರಶ್ನಿಸಿದಾಗ ಅದು ಧರ್ಮ.

ದಾಳಿಯಾದ ದಿನ ಭಕ್ತರು ಮಾಡಬೇಕಾದದ್ದು ಬೇರೆ, ವರ್ಷ ಕಳೆದ ಮೇಲೆ ಮಾಡಬೇಕಾದದ್ದು ಬೇರೆ. ಆ ದಿನ ರಕ್ತ ಕೊಡಿರಿ, ಅನ್ನ ಕೊಡಿರಿ, ಮಠದ ಬಾಗಿಲನ್ನು ಜಾತಿಮತ ನೋಡದೆ ತೆರೆಯಿರಿ, ಮೊಬೈಲಿಗೆ ಬಂದ ಗಾಳಿಸುದ್ದಿಯನ್ನು ಮುಂದಕ್ಕೆ ಕಳಿಸದಿರಿ, ನೆರೆಯ ಮುಸ್ಲಿಮನ ಅಂಗಡಿಯ ಮೇಲೆ ಯಾರಾದರೂ ಕಲ್ಲೆತ್ತಿದರೆ ಅಡ್ಡ ನಿಲ್ಲಿರಿ. ಕಲ್ಲೆಸೆತ ಆರಂಭವಾದರೆ ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತದೆ. ವರ್ಷ ಕಳೆದ ಮೇಲೆ ಮೊಂಬತ್ತಿ ಹಚ್ಚಿದರಷ್ಟೇ ಸಾಲದು. ಶಾಸಕರಿಗೆ ಪತ್ರ ಬರೆಯಿರಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿರಿ, ಉತ್ತರ ಬರುವವರೆಗೆ ಮತ್ತೆ ಬರೆಯಿರಿ. ಅನುಭವ ಮಂಟಪದಲ್ಲಿ ಶೂನ್ಯಪೀಠದ ಮೇಲಿದ್ದ ಅಲ್ಲಮಪ್ರಭುಗಳ ಎದುರಿನಲ್ಲಿಯೂ ಕೂಲಿ ಮಾಡುವವನು, ದೋಣಿ ನಡೆಸುವವನು, ಹೆಣ್ಣುಮಕ್ಕಳು ಎದ್ದು ನಿಂತು ಪ್ರಶ್ನೆ ಕೇಳಿದರು. ಆ ಪರಂಪರೆಯ ವಾರಸುದಾರರು ಮಂತ್ರಿಯೊಬ್ಬರ ಎದುರು ತುಟಿ ಬಿಗಿದು ನಿಲ್ಲಬೇಕಾಗಿಲ್ಲ.

ಕೆಲಸಕ್ಕೆ ಮರಳುವುದು ನಗರದ ಜನರ ಕಾಯಕ. ಅದನ್ನು ಅವರು ಒಂದು ದಿನವೂ ತಪ್ಪಿಸಿಲ್ಲ. ಕಾಯುವುದು, ತಪ್ಪಿದಾಗ ಲೆಕ್ಕ ಒಪ್ಪಿಸುವುದು ಆಳುವವರ ಕಾಯಕ. ಅದನ್ನು ಅವರಿಂದ ಮಾಡಿಸುವುದು ಮತ ಹಾಕುವ ನಮ್ಮೆಲ್ಲರ ಹೊಣೆ.